ಚೆಂಡಿನ ಮೇಲೆ ಕಾಲಿಟ್ಟು ನಿಂತವನು

ಅವನ ತಮ್ಮ ನಮ್ಮ ಅಂಗಡಿಗೆ ಬಂದಾಗ ನಾನು ಇನ್ನೊಬ್ಬ ಗಿರಾಕಿಗೆ ಪರದೆಯ ಬಟ್ಟೆ ಅಳೆಯುತ್ತಿದ್ದೆ. ಮಡಗಾಂವ್ ಪೇಟೆಯಲ್ಲಿ ಸಂಜೆ ಹೊತ್ತು ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಅವನು ಚಪ್ಪಲಿ ಹೊರಗೆ ಬಿಟ್ಟು, ಮೆಟ್ಟಿಲ ಮೇಲೆಯೇ ನಿಂತು, "ಅಣ್ಣನ ದಿನಕರ್ಮಕ್ಕ ಅರಿವಿ ಬೇಕಾಗಿತ್ರಿ" ಅಂದ. ಯಾರ ಅಣ್ಣ ಎಂದು ಕೇಳಿದೆ. "ನಿಮ್ಮ ಜೋಡಿ ಕಾಲೇಜಿನ್ಯಾಗ ಆಡ್ತಿದ್ನಲ್ರಿ, ಸಾವರ್ಡೆದಾಂವ" ಅಂದ. ಕಾಮಣಿ, ಅಂದರೆ ಕಾಮಾಲೆ ಆಗಿತ್ತಂತೆ. ಮೊದಲು ಗಿಡಮೂಲಿಕೆ ಔಷಧ ಕೊಡಿಸಿದರಂತೆ, ದವಾಖಾನೆಗೆ ಒಯ್ಯುವಷ್ಟರಲ್ಲಿ ತಡವಾಗಿತ್ತಂತೆ. ನನ್ನ ಕತ್ತರಿ ನಿಲ್ಲಲಿಲ್ಲ. ಪರದೆ ಬಟ್ಟೆಯನ್ನು ನೇರವಾಗಿ ಕತ್ತರಿಸಿ, ಮಡಚಿ, ಗಿರಾಕಿಯನ್ನು ಸಾಗಹಾಕಿ, ಆಮೇಲೆ ಬಿಳಿ ಬಟ್ಟೆಯ ಥಾನು ಇಳಿಸಿದೆ.

ಏನೂ ಅನಿಸಲಿಲ್ಲ. ನಾನು ಕಲ್ಲು ಮನಸ್ಸಿನವನೇನಲ್ಲ. ಅಂಗಡಿಯ ಮುಂದಿನ ನಾಯಿ ಸತ್ತಾಗ ಒಂದು ಹೊತ್ತು ಊಟ ಬಿಟ್ಟವನು. ಆದರೆ ಇವನ ಸುದ್ದಿ ಕಿವಿಗೆ ಬಿದ್ದು ಅಲ್ಲೇ ಕುಳಿತುಬಿಟ್ಟಿತು, ಒಳಗೆ ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ. ಬಟ್ಟೆ ಕಟ್ಟಿಸಿಕೊಂಡು ಹೊರಡುವಾಗ ಆ ತಮ್ಮ ಕೇಳಿದ: "ಅಣ್ಣ ಭಾಳ ಚಲೋ ಆಡ್ತಿದ್ನಂತಲ್ರಿ. ನಾ ಆಗ ಸಣ್ಣಾಂವ. ನೀವು ನೋಡೀರೇನ್ರಿ?" ನೋಡೇನಿ ಅಂದೆ. ಅಷ್ಟೇ ಅಂದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುವೆ ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಓದುತ್ತಿದ್ದೆವು. ಓದುತ್ತಿದ್ದೆವು ಅನ್ನುವುದು ನನ್ನ ಮಟ್ಟಿಗೂ ದೊಡ್ಡ ಮಾತೇ. ನಮ್ಮದು ಬೆಳಗಾವಿಯಿಂದ ಬಂದು ಮಡಗಾಂವ್‌ನಲ್ಲಿ ಬಟ್ಟೆ ಅಂಗಡಿ ಇಟ್ಟ ಮನೆತನ. ಅವನ ಅಪ್ಪ ವಿಜಾಪುರದ ಕಡೆಯವರು. ಸಾವರ್ಡೆಯ ಹೊಳೆದಂಡೆಯಲ್ಲಿ ಬಾರ್ಜಿಗೆ ಅದಿರು ತುಂಬುವ ಗ್ಯಾಂಗಿನಲ್ಲಿದ್ದರು. ಮನೆ ಅಂದರೆ ತಗಡಿನ ಚಾಳಿನಲ್ಲಿ ಒಂದು ಕೋಣೆ. ಕಾಲೇಜಿನಲ್ಲಿ ಕನ್ನಡ ಮಾತಾಡುವವರು ಬೇರೆ ಯಾರೂ ಇರಲಿಲ್ಲವಾದ್ದರಿಂದ ಅವನು ನನ್ನ ಪಕ್ಕ ಬಂದು ಕುಳಿತ, ನಾನೂ ಜಾಗ ಕೊಟ್ಟೆ. ನನ್ನನ್ನು ಅವನು ಮೊದಲ ದಿನದಿಂದಲೇ ‘ಸಾವಕಾರ’ ಎಂದು ಕರೆದ. ಅದರಲ್ಲಿ ಅರ್ಧ ಚೇಷ್ಟೆ, ಅರ್ಧ ಅವನ ಅಪ್ಪ ನಮ್ಮಂಥವರನ್ನು ಕರೆಯುವ ರೂಢಿ. ಅವನು ಬಟ್ಟೆಯಲ್ಲಿ ಸುತ್ತಿ ತಂದ ರೊಟ್ಟಿ, ಶೇಂಗಾ ಚಟ್ನಿ ನಾನು ತಿನ್ನುತ್ತಿದ್ದೆ. ನಾನು ಕ್ಯಾಂಟೀನಿನಲ್ಲಿ ಕೊಂಡ ಪಾವ್ ಭಾಜಿ ಅವನು ತಿನ್ನುತ್ತಿದ್ದ. ಇಬ್ಬರಿಗೂ ಲಾಭವೆನಿಸಿದ ವ್ಯವಹಾರ ಅದೊಂದೇ.

ಫುಟ್‌ಬಾಲ್ ತಂಡದಲ್ಲೂ ಇಬ್ಬರೂ ಇದ್ದೆವು. ನಾನು ಎರಡನೇ ಗೋಲ್‌ಕೀಪರ್. ಮೊದಲನೆಯವನಿಗೆ ಒಂದು ಸಲವೂ ನೆಗಡಿ ಬರಲಿಲ್ಲ, ಹಾಗಾಗಿ ಬೆಂಚಿನ ಮೇಲೆ ಕುಳಿತು ಆಟ ನೋಡುವುದರಲ್ಲಿ ನನ್ನಷ್ಟು ಪಳಗಿದವರು ಗೋವೆಯಲ್ಲಿ ಸಿಗುವುದು ಕಷ್ಟ. ಆ ಅನುಭವದ ಮೇಲೆ ಹೇಳುತ್ತೇನೆ, ಅವನಂಥವನನ್ನು ನಾನು ಮತ್ತೆ ನೋಡಲಿಲ್ಲ. ಎಡಗಡೆಯ ಅಂಚಿನಲ್ಲಿ ಸುಮ್ಮನೆ, ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಚೆಂಡು ಬಂತೋ, ಮುಗಿಯಿತು. ನೂರು ಮೀಟರ್ ಓಟದಲ್ಲಿ ಇಡೀ ಗೋವೆಯ ಕಾಲೇಜುಗಳಲ್ಲಿ ಅವನ ಹಿಂದೆ ಬರುವುದಕ್ಕೇ ಪೈಪೋಟಿ ಇತ್ತು. ಘಟ್ಟದ ಮೇಲಿನವರನ್ನು ಇಲ್ಲಿ ಘಾಟಿ ಎಂದು ಕರೆಯುತ್ತಾರೆ, ಅದೇನು ಪ್ರೀತಿಯ ಮಾತಲ್ಲ. ಆದರೆ ಅವನು ಅಂಚಿನಲ್ಲಿ ಓಡತೊಡಗಿದರೆ ಜನ ಎದ್ದು ನಿಂತು "ಧಾಂವ್ ರೇ ಘಾಟಿ, ಧಾಂವ್" ಎಂದು ಕೂಗುತ್ತಿದ್ದರು. ಆಗ ಅದು ಬೈಗುಳ ಅನಿಸುತ್ತಿರಲಿಲ್ಲ.

ಅವನಿಗೆ ಸಿಕ್ಕ ಮೊದಲ ವಾರ್ನಿಂಗು ಸಾಕ್ಸಿನದು. ಸಾವರ್ಡೆಯ ಮಣ್ಣು ಕೆಂಪು, ಧೂಳು ಕೆಂಪು, ಹಗ್ಗದ ಮೇಲೆ ಒಣಹಾಕಿದ ಬಟ್ಟೆಯೂ ಸಂಜೆಗೆ ಕೆಂಪು. ಕಾಲೇಜು ಕೊಟ್ಟ ಬಿಳಿ ಸಾಕ್ಸನ್ನು ಅವನ ತಾಯಿ ಎಷ್ಟು ತಿಕ್ಕಿದರೂ ಅದು ಬಿಳಿ ಆಗಲಿಲ್ಲ. ಕೊಳಕು ಉಡುಪು, ಶಿಸ್ತಿಲ್ಲ ಎಂದು ಪ್ರಿನ್ಸಿಪಾಲರು ಕರೆಸಿ ಬೈದರು. ಮರುವಾರ ಅವನು ಸಾಕ್ಸನ್ನೂ ಬೂಟನ್ನೂ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮೈದಾನಕ್ಕೆ ಬಂದ. ಈಗ ಹೊಲಸಾಗಿಲ್ಲ ನೋಡಿ ಸರ್ ಎಂದು ಕೊಂಕಣಿಯಲ್ಲಿ ಹೇಳಿ ಪ್ರಿನ್ಸಿಪಾಲರಿಗೆ ಸಾಕ್ಸು ತೋರಿಸಿದ. ಅವನು ನಿಜವಾಗಿಯೂ ಅವರನ್ನು ಖುಷಿಪಡಿಸಲು ಹಾಗೆ ಮಾಡಿದ್ದ. ಉದ್ಧಟತನ ಎಂದು ಬರೆದುಕೊಂಡರು.

ಎರಡನೆಯದು ನೆನೆದರೆ ಈಗಲೂ ನಗು ಬರುತ್ತದೆ, ಅಂದರೆ ನಗು ಬರಬೇಕಾದ ಜಾಗ ಇದು ಎಂದು ಗೊತ್ತಾಗುತ್ತದೆ. ಕಾಲೇಜಿನ ವಾರ್ಷಿಕ ಕ್ರೀಡೆ. ಕೊನೆಗೆ ನೂರು ಮೀಟರ್ ಓಟ, ಅದಾದ ಮೇಲೆ ಬಹುಮಾನ. ಎಂದಿನಂತೆ ಎಲ್ಲ ತಡ. ಅವನು ರಿಬ್ಬನ್ನು ಹರಿದುಕೊಂಡು ಮೊದಲಿಗನಾಗಿ ಬಂದ, ಆದರೆ ನಿಲ್ಲಲಿಲ್ಲ. ಓಡುತ್ತಲೇ ಹೋದ. ಗೆದ್ದ ಖುಷಿಗೆ ಮೈದಾನ ಸುತ್ತುತ್ತಾನೆ ಎಂದು ಜನ ಚಪ್ಪಾಳೆ ಹೊಡೆದರು. ಅವನು ನಮ್ಮ ಬೆಂಚಿನ ಹತ್ತಿರ ಬಗ್ಗಿ ತನ್ನ ಚೀಲ ಎತ್ತಿಕೊಂಡು, ಅತಿಥಿಗಳ ಶಾಮಿಯಾನದ ಮುಂದಿನಿಂದಲೇ ಹಾದು, ಗೇಟು ದಾಟಿ ಹೋಗಿಬಿಟ್ಟ. ಸಾವರ್ಡೆಯ ಬಸ್ಸು ಹೊರಟುನಿಂತಿತ್ತು. ಅದು ತಪ್ಪಿದರೆ ಬೇರೆ ಬಸ್ಸಿರಲಿಲ್ಲ. ಮುಖ್ಯ ಅತಿಥಿಗಳು ಅವನ ಹೆಸರು ಕೂಗಿಸಿ ಕಪ್ಪು ಹಿಡಿದುಕೊಂಡು ನಿಂತೇ ಇದ್ದರು. ಮರುದಿನ ಕೇಳಿದರೆ, "ಕಪ್ಪು ನಾಳೆನೂ ಇರ್ತೈತಿ ಸಾವಕಾರ, ಬಸ್ಸು ಇರೂದಿಲ್ಲ" ಅಂದ. ಕಪ್ಪು ಇರಲಿಲ್ಲ. ಎರಡನೇ ವಾರ್ನಿಂಗು ಇತ್ತು. ಮೂರನೆಯದಾದರೆ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾಗುತ್ತದೆ ಎಂದು ಹೇಳಿ ಕಳಿಸಿದರು.

ಮೂರನೆಯದನ್ನು ಹೇಳುವ ಮೊದಲು ಅವನ ಊರಿನ ಗದ್ದೆಯ ವಿಷಯ ಹೇಳಬೇಕು. ಒಂದು ರವಿವಾರ ಅವನ ಜೊತೆ ಸಾವರ್ಡೆಗೆ ಹೋಗಿದ್ದೆ. ಅವರ ಚಾಳಿನ ಹಿಂದೆ ಕ್ರಿಶ್ಚಿಯನ್ನರ ವಾಡೆ, ಅಂದರೆ ಕೇರಿ, ನಡುವೆ ಭತ್ತ ಕೊಯ್ದ ಗದ್ದೆ. ಆ ಗದ್ದೆಯಲ್ಲೇ ಅವನು ಆಟ ಕಲಿತದ್ದು. ಚಾಳಿನ ಹುಡುಗರ ಹತ್ತಿರ ಚೆಂಡಿರಲಿಲ್ಲ. ವಾಡೆಯ ಹುಡುಗರ ಹತ್ತಿರ ಇತ್ತು. ಆಡಲು ಆಳು ಕಡಿಮೆ ಬಿದ್ದಾಗ ಅವರು ಇವರನ್ನು ಕರೆಯುತ್ತಿದ್ದರು. ಹಾಗೆ ಕರೆಸಿಕೊಂಡು ಕರೆಸಿಕೊಂಡು ಇವನು ಅವರಲ್ಲೊಬ್ಬನಾಗಿದ್ದ. ಆ ದಿನ ನಾನು ಬದುವಿನ ಮೇಲೆ ಕುಳಿತು ನೋಡುತ್ತಿದ್ದೆ. ಹೊತ್ತು ಮುಳುಗುವಾಗ ಗುಡ್ಡದ ಮೇಲಿನ ಇಗರ್ಜಿಯಲ್ಲಿ ಗಂಟೆ ಹೊಡೆಯಿತು. ಸಂಜೆಯ ಪ್ರಾರ್ಥನೆಯ ಗಂಟೆ, ಅವರು ಆಂಜ್ ಎನ್ನುತ್ತಾರೆ. ಚೆಂಡು ಯಾರ ಹತ್ತಿರ ಇತ್ತೋ ಅವನು ಅದರ ಮೇಲೆ ಕಾಲಿಟ್ಟು ನಿಂತ. ಉಳಿದವರೂ ನಿಂತಲ್ಲೇ ನಿಂತರು. ಕೆಲವರು ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಇವನೂ ಚಾಳಿನ ಇನ್ನೊಂದಿಬ್ಬರು ಹುಡುಗರೂ ತಲೆ ಬಗ್ಗಿಸಿ ಸುಮ್ಮನೆ ನಿಂತರು. ಗಂಟೆ ಮುಗಿದ ಕೂಡಲೇ ಬೈಗುಳ ಸಮೇತ ಆಟ ಮುಂದುವರಿಯಿತು.

ವಾಪಸು ಬರುವಾಗ, ನೀನು ಯಾಕೆ ನಿಂತೆ ಎಂದು ಕೇಳಿದೆ. "ಗಂಟಿ ಹೊಡ್ಯಾಗ ಚೆಂಡು ಮುಟ್ಟಿದ್ರ ಮರುದಿನ ಕರೀತಿದ್ದಿಲ್ಲೋ" ಅಂದ. "ಸಣ್ಣಾಂವ ಇದ್ದಾಗ ಒಮ್ಮೆ ಮುಟ್ಟಿದ್ದೆ. ಮಳಿಗಾಲ ಬರೂತನಾ ಬದುವಿನ ಮ್ಯಾಲೆ ಕೂಡಿಸಿದ್ರು." ಆಮೇಲೆ ಅದನ್ನು ಯೋಚಿಸುವ ಅಗತ್ಯವೇ ಬೀಳಲಿಲ್ಲವಂತೆ. ಗಂಟೆ ಕೇಳಿದರೆ ಕಾಲು ತಾನಾಗಿ ನಿಲ್ಲುತ್ತಿತ್ತಂತೆ.

ಕಾಲೇಜಿನ ಪಂದ್ಯಗಳೆಲ್ಲ ಬಿಸಿಲಿರುವಾಗಲೇ ಮುಗಿಯುತ್ತಿದ್ದವು. ಗಂಟೆಯ ಹೊತ್ತಿಗೆ ನಾವು ಬಸ್ಸಿನಲ್ಲಿರುತ್ತಿದ್ದೆವು. ಆದರೆ ಆ ವರ್ಷ ಅಂತರ ಕಾಲೇಜು ಫೈನಲ್ಲು ಮ್ಹಾಪಸಾದಲ್ಲಿ ನಡೆಯಿತು, ಉದ್ಘಾಟನೆಗೆ ಬರಬೇಕಾದ ದೊಡ್ಡ ಮನುಷ್ಯರು ತಡ ಮಾಡಿದರು. ಆಟ ಶುರುವಾದಾಗಲೇ ನೆರಳುಗಳು ಉದ್ದವಾಗಿದ್ದವು. ಅಂದು ಅವನ ಮಟ್ಟಿಗೆ ಕಪ್ಪಿಗಿಂತ ದೊಡ್ಡ ಸಂಗತಿಯೊಂದಿತ್ತು. ಬಂದರಿನ ಕಡೆಯ ಒಂದು ಕಂಪನಿ ತನ್ನ ತಂಡಕ್ಕೆ ಆಟಗಾರರನ್ನು ಹುಡುಕುತ್ತಿತ್ತು. ಆಯ್ಕೆಯಾದರೆ ಅದೇ ಕಂಪನಿಯಲ್ಲಿ ಕಾಯಂ ನೌಕರಿ, ಇರಲು ಕ್ವಾರ್ಟರ್ಸು. ಇವನನ್ನು ಟ್ರಯಲ್‌ಗೆ ಕಳಿಸಿ ಎಂದು ಅವರೇ ಕೇಳಿದ್ದರು; ಕಾಲೇಜು ಒಪ್ಪಿಗೆ ಕೊಡುವುದಷ್ಟೇ ಬಾಕಿ. ಅವನ ಅಪ್ಪ ಆಗಲೇ ಗ್ಯಾಂಗಿನವರಿಗೆಲ್ಲ ಹೇಳಿಬಿಟ್ಟಿದ್ದರು. ತಾಯಿ, ಕ್ವಾರ್ಟರ್ಸಿಗೆ ಹೆಂಚು ಇರುತ್ತದೋ ತಗಡೋ ಎಂದು ವಿಚಾರಿಸಿದ್ದರಂತೆ.

ಎರಡೂ ಕಡೆ ಗೋಲು ಸಮ ಇದ್ದವು. ಆಟ ಮುಗಿಯುವ ಹೊತ್ತು. ಎಡಗಡೆಯಿಂದ ಅವನು ಹೊರಟ. ಒಬ್ಬನನ್ನು ಹಿಂದೆ ಬಿಟ್ಟ, ಇನ್ನೊಬ್ಬನನ್ನು ಬಿಟ್ಟ, ಒಳಗೆ ತಿರುಗಿದ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಬೆಂಚಿನ ಮೇಲಿದ್ದವರೆಲ್ಲ ಎದ್ದುನಿಂತೆವು. ಆಗ ಇಗರ್ಜಿಯ ಗಂಟೆ ಹೊಡೆಯಿತು.

ಅವನು ಚೆಂಡಿನ ಮೇಲೆ ಕಾಲಿಟ್ಟು ನಿಂತ. ತಲೆ ಬಗ್ಗಿಸಿದ.

ಒಂದು ಗಳಿಗೆ ಎದುರಾಳಿಗಳಿಗೂ ಏನೆಂದು ತಿಳಿಯಲಿಲ್ಲ. ಆಮೇಲೆ ಗೋಲ್‌ಕೀಪರ್ ಓಡಿಬಂದು ಅವನ ಪಾದದ ಕೆಳಗಿನಿಂದ ಚೆಂಡನ್ನು ಕಿತ್ತು ಉದ್ದಕ್ಕೆ ಒದ್ದ. ಆ ಗೋಲ್‌ಕೀಪರನ ಕೊರಳಲ್ಲಿ ಶಿಲುಬೆ ಇತ್ತು, ನಾನು ನೋಡಿದ್ದೇನೆ. ಅವನದೇನೂ ತಪ್ಪಿಲ್ಲ, ಮ್ಯಾಚ್ ಅಂದರೆ ಮ್ಯಾಚ್. ನಮ್ಮವರೆಲ್ಲ ಮುಂದೆ ಹೋಗಿದ್ದರು. ಆ ಚೆಂಡೇ ಗೋಲಾಯಿತು. ಇವನು ಗಂಟೆ ಮುಗಿಯುವವರೆಗೂ ಹಾಗೇ ನಿಂತಿದ್ದ, ಕಾಲ ಕೆಳಗೆ ಏನೂ ಇಲ್ಲದೆ.

ಮ್ಹಾಪಸಾದಿಂದ ಮಡಗಾಂವ್‌ವರೆಗೆ ಬಸ್ಸಿನಲ್ಲಿ ಯಾರೂ ಅವನ ಜೊತೆ ಮಾತಾಡಲಿಲ್ಲ. ಎದುರಿನವರಿಂದ ದುಡ್ಡು ತಿಂದಿದ್ದಾನೆ ಎಂಬ ಮಾತು ಹುಟ್ಟಿದ್ದು ಅದೇ ಬಸ್ಸಿನಲ್ಲಿ.

ಪಿ.ಟಿ. ಸರ್ ಒಳ್ಳೆಯವರು. ಗೋವೆಯವರೇ, ಸ್ವತಃ ಆಡಿದವರು. ಸಮಿತಿ ಸೇರುವ ದಿನ ಬೆಳಿಗ್ಗೆ ಅವನನ್ನೂ ನನ್ನನ್ನೂ ಸಾಮಾನಿನ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, "ಕಾಲು ಹಿಡಿಯಿತು ಅನ್ನು. ತೊಡೆಯ ಸ್ನಾಯು ಹಿಡಿಯಿತು, ಹೆಜ್ಜೆ ಎತ್ತಲಾಗಲಿಲ್ಲ ಅನ್ನು. ನಾನು ಹೌದು ಅನ್ನುತ್ತೇನೆ. ಅಲ್ಲಿಗೆ ಮುಗಿಯಿತು" ಅಂದರು. ಅವನು ತಲೆಯಾಡಿಸಿದ. ಹೊರಗೆ ಬಂದ ಮೇಲೆ ನನ್ನನ್ನು ಕೇಳಿದ: "ನನ್ನ ಕಾಲು ಯಾವಾಗ ಹಿಡಿದೈತಿ ಸಾವಕಾರ?"

"ಹಿಡಿದಿಲ್ಲ. ಹಿಡಿದೈತಿ ಅಂದ್ರ ಏನ್ ಹೋಗ್ತೈತಿ?"

"ಕಾಲು ಏನ್ ಮಾಡೈತಿ, ಅದರ ಮ್ಯಾಲೆ ಯಾಕ ಹಾಕೂದು? ನನ್ನ ಹತ್ರ ಇರೂದ ಅದೊಂದು."

ಅವನ ಅಪ್ಪನನ್ನೂ ಕರೆಸಿದ್ದರು. ಅವರಿಗೆ ಕನ್ನಡ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲವಾದ್ದರಿಂದ, ನಡೆದ ಮಾತನ್ನು ತಿಳಿಸಲು ನನ್ನನ್ನು ಒಳಗೆ ಕೂರಿಸಿಕೊಂಡರು. ಅಪ್ಪ ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಅದರ ಕಾಲರಿನ ಮಡಿಕೆಯಲ್ಲೂ ಕೆಂಪು ಉಳಿದಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಪ್ರಿನ್ಸಿಪಾಲರು ಕೊಂಕಣಿಯಲ್ಲಿ ಕೇಳಿದರು, ಅವನೂ ಕೊಂಕಣಿಯಲ್ಲೇ ಉತ್ತರಿಸಿದ. ನಾನು ಹಿಂದೆಯೇ ಅಪ್ಪನ ಕಿವಿಯಲ್ಲಿ ಹೇಳುತ್ತಿದ್ದೆ.

ಯಾಕೆ ನಿಂತೆ ಎಂದು ಕೇಳಿದರು. ಪಿ.ಟಿ. ಸರ್ ಅವನನ್ನೇ ನೋಡುತ್ತಿದ್ದರು.

ಗಂಟೆ ಹೊಡೆಯಿತು ಸರ್, ಅಂದ.

ನೀನು ಹಿಂದೂ ಅಲ್ಲವೇ ಎಂದು ಕೇಳಿದರು. ಹೌದು ಅಂದ. ಮತ್ತೆ ನಿನಗೂ ಆ ಗಂಟೆಗೂ ಏನು ಸಂಬಂಧ, ಮೈದಾನದಲ್ಲಿ ಬೇರೆ ಯಾರೂ ನಿಲ್ಲಲಿಲ್ಲವಲ್ಲ, ಅಂದರು.

ಚೆಂಡು ಅವರದಿತ್ತು ಸರ್, ಅಂದ.

ನಾನು ಅದನ್ನು ಅಪ್ಪನಿಗೆ ಹೇಳಿದೆ. ಅವರು ಕೂಡಲೇ ಸಮಿತಿಯ ಕಡೆ ತಿರುಗಿ ಕೈಮುಗಿದು, "ಖರೇ ಐತ್ರಿ. ಚೆಂಡು ಅವರದ ಇತ್ರಿ" ಅಂದರು. ನಾನು ಅದನ್ನೂ ಕೊಂಕಣಿಗೆ ತಿರುಗಿಸಿದೆ. ಗದ್ದೆಯ ವಿಷಯ, ವಾಡೆಯ ಹುಡುಗರ ವಿಷಯ ನನಗೆ ತಿಳಿದಷ್ಟು ಹೇಳಿದೆ. ಒಬ್ಬ ಪ್ರೊಫೆಸರರು ಕನ್ನಡಕ ತೆಗೆದು ಒರೆಸಿಕೊಂಡರು. ಫೈನಲ್ಲಿನ ಚೆಂಡು ಯಾರದಾಗಿದ್ದರೇನು, ಇದೆಂಥ ಉತ್ತರ ಎಂದು ಇನ್ನೊಬ್ಬರು ಪಕ್ಕದವರನ್ನು ಕೇಳಿದರು. ದೇವರ ಗಂಟೆಯನ್ನು ನೆಪ ಮಾಡಿ ನಮ್ಮನ್ನು ಗೇಲಿ ಮಾಡುತ್ತಿದ್ದಾನೆ ಎಂದು ಪ್ರಿನ್ಸಿಪಾಲರಿಗೆ ಅನಿಸಿರಬೇಕು, ಮುಖ ಕೆಂಪಾಯಿತು. ಆ ವರ್ಷವಿಡೀ ಆಟದಿಂದಲೂ ಓಟದಿಂದಲೂ ಹೊರಗೆ. ಅಂಥವನನ್ನು ಕಾಲೇಜಿನ ಹೆಸರಿನಲ್ಲಿ ಯಾವ ಟ್ರಯಲ್‌ಗೂ ಕಳಿಸುವುದಿಲ್ಲ. ಇದನ್ನೂ ನಾನೇ ಅಪ್ಪನಿಗೆ ಕನ್ನಡದಲ್ಲಿ ಹೇಳಬೇಕಾಯಿತು.

ಹೊರಗೆ ಬಂದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, ಮಗನಿಗೆ ಕೇಳದ ಹಾಗೆ, "ಸಣ್ಣ ಸಾವಕಾರ್ರ, ಅಂದ್ರ ನೌಕರಿ ಹ್ವಾದಂಗೇನ್ರಿ?" ಎಂದು ಕೇಳಿದರು. ಹೌದ್ರಿ ಅಂದೆ. "ಹಂಗಾರ ಬರ್ತೀವ್ರಿ" ಅಂದರು. ನನಗೆ ಆಗಲೂ ಅಳು ಬರಲಿಲ್ಲ.

ಅವನು ಬೂಟು ವಾಪಸು ಕೊಡಲು ಸಾಮಾನಿನ ಕೋಣೆಗೆ ಹೋಗಿದ್ದ. ಮಣ್ಣು ತೊಳೆದು ತಾ ಎಂದು ಸಿಪಾಯಿ ಹಿಂದಕ್ಕೆ ಕಳಿಸಿದ. ನಳದ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕಡ್ಡಿಯಿಂದ ಬೂಟಿನ ಅಡಿಯ ಸಂದುಗಳನ್ನೆಲ್ಲ ಕೆರೆದು ತೊಳೆದ. ನೀರು ಬಹಳ ಹೊತ್ತು ಕೆಂಪಾಗಿಯೇ ಹರಿಯಿತು. ತಿಳಿಯಾಗುವವರೆಗೆ ಬಿಡಲಿಲ್ಲ. ಸಿಟ್ಟಿರಲಿಲ್ಲ, ದುಃಖವೂ ಕಾಣಲಿಲ್ಲ. ಬೂಟು ಒಪ್ಪಿಸಿ, ಬಸ್ ಸ್ಟ್ಯಾಂಡಿನ ಕಡೆಗೆ ಅಪ್ಪನ ಹಿಂದೆ ನಡೆದುಕೊಂಡು ಹೋದ. ಅವನು ನಡೆದುಕೊಂಡು ಬಸ್ಸಿಗೆ ಹೋದದ್ದನ್ನು ಅಂದೇ ಮೊದಲು ನೋಡಿದ್ದು. ಮರುದಿನದಿಂದ ಕಾಲೇಜಿಗೆ ಬರಲಿಲ್ಲ.

ಮೊದಲು ಅಪ್ಪನ ಗ್ಯಾಂಗಿನಲ್ಲಿ ದುಡಿದ, ಆಮೇಲೆ ಅದಿರಿನ ಟಿಪ್ಪರಿನಲ್ಲಿ ಕ್ಲೀನರ್ ಆದ, ಆಮೇಲೆ ಡ್ರೈವರ್ ಎಂದು ಸುದ್ದಿ ಬರುತ್ತಿತ್ತು. ಮದುವೆಗೆ ಬಟ್ಟೆ ತೆಗೆಯಲು ನಮ್ಮ ಅಂಗಡಿಗೇ ಬಂದಿದ್ದ. ಹೆಂಡತಿಯಾಗುವವಳ ಮುಂದೆ ನನ್ನನ್ನು ತೋರಿಸಿ, "ಇಂವ ನಮ್ಮ ಗೋಲ್‌ಕೀಪರ್, ಇವಂಗ ಒಬ್ಬರೂ ಗೋಲ್ ಹೊಡೆದಿಲ್ಲ" ಅಂದ. ಮಾತು ನಿಜವೇ. ಅವಳು ಮೆಚ್ಚುಗೆಯಿಂದ ನೋಡಿದಳು, ನಾನು ತಿದ್ದಲು ಹೋಗಲಿಲ್ಲ.

ಕೊನೆಯ ಸಲ ಸಿಕ್ಕದ್ದು ತೊಂಬತ್ತರ ದಶಕದ ನಡುವೆ, ಅವನು ತೀರಿಕೊಳ್ಳುವ ಸ್ವಲ್ಪ ಮೊದಲು. ಕುಡಚಡೆಯಲ್ಲಿ ಒಂದು ಮದುವೆ ಮುಗಿಸಿ ಮಡಗಾಂವ್ ಬಸ್ಸಿಗೆ ಕಾಯುತ್ತಿದ್ದೆ. ಒಂದು ಟಿಪ್ಪರು ನನ್ನ ಮುಂದೆ ಬಂದು ನಿಂತಿತು. "ಹತ್ತು ಸಾವಕಾರ, ಬಸ್ಸು ಬರೂದಿಲ್ಲ" ಎಂದಿತು ಗಾಡಿಯೊಳಗಿನ ದನಿ. ಹತ್ತಿದೆ. ಅವನಿಗೆ ಹೊಟ್ಟೆ ಬಂದಿತ್ತು, ಕಣ್ಣು ಹಳದಿಗೆ ತಿರುಗಿದಂತಿತ್ತು. ನಾನು ಅದನ್ನು ಧೂಳೆಂದುಕೊಂಡೆ. ಕಾಲಲ್ಲಿ ಹವಾಯಿ ಚಪ್ಪಲಿ. ಮಕ್ಕಳ ಸ್ಕೂಲು, ಅಪ್ಪ ತೀರಿಕೊಂಡದ್ದು, ಅಂಗಡಿಯ ವ್ಯಾಪಾರ, ಎಲ್ಲ ಮಾತಾಡಿದೆವು. ಫುಟ್‌ಬಾಲಿನ ಮಾತು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಒಂದು ಇಳಿಜಾರು ಮುಗಿದು ರಸ್ತೆ ಗದ್ದೆಬಯಲಿಗೆ ಬೀಳುವಲ್ಲಿ, ಎಡಗಡೆಯ ಇಗರ್ಜಿಯಿಂದ ಗಂಟೆ ಕೇಳಿಸಿತು. ಟಿಪ್ಪರು ನಿಧಾನವಾಯಿತು. ರಸ್ತೆಯ ನಟ್ಟನಡುವೆ ನಿಂತಿತು. ಅವನು ಎಂಜಿನ್ ಆಫ್ ಮಾಡಿದ. ಎರಡೂ ಕೈ ಸ್ಟೇರಿಂಗಿನ ಮೇಲೆ ಇಟ್ಟು ತಲೆ ಬಗ್ಗಿಸಿದ. ತುಟಿ ಅಲುಗಲಿಲ್ಲ, ಪ್ರಾರ್ಥನೆ ಏನೂ ಇರಲಿಲ್ಲ. ಸುಮ್ಮನೆ ನಿಂತಿದ್ದ, ಅಂದರೆ ಕೂತಿದ್ದ. ಹಿಂದೆ ಟಿಪ್ಪರುಗಳು ಸಾಲುಗಟ್ಟಿದವು, ಹಾರ್ನುಗಳು ಶುರುವಾದವು. ಅವನು ಗಂಟೆ ಪೂರ್ತಿ ಮುಗಿಯುವವರೆಗೆ ತಲೆ ಎತ್ತಲಿಲ್ಲ.

ಅಷ್ಟರಲ್ಲಿ ಹಿಂದಿನ ಗಾಡಿಯ ಡ್ರೈವರ್ ಇಳಿದು ಬಂದು ಬಾಗಿಲು ಬಡಿದ. ಹಿಂದಿಯಲ್ಲಿ ಇವನ ತಾಯಿ, ಅಕ್ಕ, ಎಲ್ಲರನ್ನೂ ನೆನೆದು, ನಡುರಸ್ತೆಯಲ್ಲಿ ಯಾಕೆ ನಿಲ್ಲಿಸಿದ್ದೀಯ ಎಂದು ಕೇಳಿದ. ಇವನು ಕಿಟಕಿಯಿಂದ ಕೆಳಗೆ ನೋಡಿ, ತೊಡೆಯನ್ನು ನಿಧಾನವಾಗಿ ಉಜ್ಜಿಕೊಳ್ಳುತ್ತ, "ಪಾಂವ್ ಪಕಡ್ ಲಿಯಾ, ಭಾಯಿ" ಅಂದ. ಕಾಲು ಹಿಡೀತು ಅಂದ.

ಆ ಮನುಷ್ಯನ ಮುಖ ಅಲ್ಲೇ ಮೆತ್ತಗಾಯಿತು. ಉಪ್ಪು ಹಾಕಿ ನೀರು ಕುಡಿ, ಬಿಸಿಲಲ್ಲಿ ಗಾಡಿ ಹೊಡೆದರೆ ಹಾಗಾಗುತ್ತದೆ, ನಿಧಾನವಾಗಿ ಹೋಗು ಎಂದು ಹೇಳಿ, ಬಾಗಿಲನ್ನು ಒಮ್ಮೆ ತಟ್ಟಿ, ಹಿಂದಕ್ಕೆ ಹೋದ. ಹಾರ್ನುಗಳು ನಿಂತವು.

ಅವನು ಗಾಡಿ ಚಾಲೂ ಮಾಡಿ ಗೇರು ಹಾಕಿದ. ರಸ್ತೆಯನ್ನೇ ನೋಡುತ್ತಿದ್ದ.

"ನೋಡಿದ್ಯಾ ಸಾವಕಾರ," ಅಂದ. "ಎಷ್ಟು ಲಗೂನ ನಂಬಿದ."